ಚಾಕು ಕೊಳ್ಳೋ ಮುಂಚೆ ಹಿಡಿಯ ಒಳಗೇನಿದೆ ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಕೂಡ್ಲಿಗಿ ಬಸ್‌ಸ್ಟ್ಯಾಂಡಲ್ಲಿ ಇಯರ್‌ಫೋನ್ ಹಾಕ್ಕೊಂಡು ಬಸ್ಸಿಗೆ ಕಾಯ್ತಿರೋರು, ಕೊಟ್ಟೂರಲ್ಲಿ ಮಂಡಕ್ಕಿ ಮಿರ್ಚಿ ಮುಂದಿಟ್ಕೊಂಡು ಕೇಳ್ತಿರೋರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಗೆಳೆಯರು, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಚಾಕು. ಗುಡ್ಡ ಹತ್ತೋಕೆ, ಬಯಲಲ್ಲಿ ರಾತ್ರಿ ಕಳೆಯೋಕೆ ಹೋಗೋರು ತಗೊಂಡು ಹೋಗ್ತಾರಲ್ಲ, ಆನ್‌ಲೈನ್‌ನಲ್ಲಿ 'ಸರ್ವೈವಲ್ ನೈಫ್' ಅಂತ ಮಾರ್ತಾರಲ್ಲ, ಅದು. ಯಾವುದು ತಗೋಬೇಕು, ಯಾವುದು ತಗೋಬಾರದು, ತಗೊಂಡ್ಮೇಲೆ ಹೇಗೆ ಇಟ್ಕೋಬೇಕು ಅಂತ ನೋಡೋಣ.

ಅದಕ್ಕೂ ಮುಂಚೆ ನಾನು ಒಂದು ತಪ್ಪು ಒಪ್ಕೋಬೇಕು. ಹೋದ ವರ್ಷ ಇದೇ ಪಾಡ್‌ಕಾಸ್ಟಲ್ಲಿ ಗುಡ್ಡ ಹತ್ತೋರಿಗೆ ಬೇಕಾದ ಸಾಮಾನುಗಳ ಬಗ್ಗೆ ಒಂದು ಸಂಚಿಕೆ ಮಾಡಿದ್ದೆ. ಅದರಲ್ಲಿ 549 ರೂಪಾಯಿಯ ಒಂದು ಚಾಕು ಹೇಳಿ, ಕೆಳಗೆ ಲಿಂಕ್ ಕೊಟ್ಟಿದ್ದೆ. ಕಪ್ಪು ಬಣ್ಣ, ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ. ಫೋಟೋ ಜೋರಾಗಿತ್ತು, ಸ್ಟಾರ್ ನಾಲ್ಕೂವರೆ ಇತ್ತು. ನಾನು ಆ ಚಾಕುವನ್ನ ಕೈಯಲ್ಲಿ ಹಿಡಿದೂ ನೋಡಿರಲಿಲ್ಲ.

ನನ್ನ ಮಾತು ಕೇಳಿ ನನ್ನ ಗೆಳೆಯನೇ ಅದನ್ನ ತರಿಸಿದ. ನಾವು ನಾಲ್ಕು ಜನ ಒಂದು ಗುಡ್ಡದ ಬುಡದಲ್ಲಿ ಅಡುಗೆಗೆ ಒಲೆ ಹೂಡ್ತಾ ಇದ್ವಿ. ಅವನು ಒಣಗಿದ ಬಳ್ಳಾರಿ ಜಾಲಿ ಕಟ್ಟಿಗೆ ಮೇಲೆ ಚಾಕು ಇಟ್ಟು, ಬೆನ್ನಿಗೆ ಕಲ್ಲಲ್ಲಿ ಹೊಡೆದ. ಎರಡನೇ ಏಟಿಗೆ ಹಿಡಿ ಸಡಿಲ ಆಯ್ತು, ಅಲಗು ಹಿಡಿಯೊಳಗೇ ತಿರುಗ್ತು, ಅವನ ಕೈ ಮುಂದೆ ಜಾರಿ ಬಾಯಿ ಮೇಲೆ ಹೋಯ್ತು. ಉಂಗುರದ ಬೆರಳು, ಕಿರುಬೆರಳು ಎರಡೂ ಒಳಗಡೆಯಿಂದ ಕುಯ್ದವು. ಹೊಲಿಗೆ ಬಿತ್ತು, ಆಪರೇಷನ್ ಆಯ್ತು. ಇವತ್ತಿಗೂ ಅವನ ಕಿರುಬೆರಳು ಪೂರ್ತಿ ಮಡಚಲ್ಲ. ಬೈಕಿನ ಬ್ರೇಕ್ ಹಿಡಿಯೋವಾಗ ಆ ಒಂದು ಬೆರಳು ಮಾತ್ರ ನೆಟ್ಟಗೆ ಎದ್ದು ನಿಂತಿರುತ್ತೆ.

ಆ ಲಿಂಕ್‌ನಿಂದ ನನಗೆ ಬಂದ ಕಮಿಷನ್ 27 ರೂಪಾಯಿ. ಬಿ.ಕಾಂ. ಓದಿದವನು, ಲೆಕ್ಕ ಮರೆಯಲ್ಲ. ಆ ಸಂಚಿಕೆ ತೆಗೆದು ಹಾಕಿದ್ದೀನಿ. ಇವತ್ತಿನ ಸಂಚಿಕೆಯಲ್ಲಿ ಯಾವ ಲಿಂಕೂ ಇಲ್ಲ. ಅವತ್ತು ಹೇಳಬೇಕಾಗಿದ್ದ ಮಾತನ್ನ ಇವತ್ತು ಹೇಳ್ತೀನಿ.

ಹಿಡಿಯ ಒಳಗೆ

ಚಾಕುವಿನಲ್ಲಿ ಎರಡು ಜಾತಿ. ಮಡಚೋದು ಒಂದು, ಮಡಚದೇ ಇರೋದು ಇನ್ನೊಂದು. ಮಡಚದ ಅಲಗು ನಮಗೇನೂ ಹೊಸದಲ್ಲ. ಅಮ್ಮನ ಈಳಿಗೆ ಮಣೆ, ಹೊಲದ ಕುಡುಗೋಲು, ತೆಂಗಿನಕಾಯಿ ಒಡೆಯೋ ಮಚ್ಚು, ಎಲ್ಲಾ ಅದೇ. ಮಡಚೋದರಲ್ಲಿ ಕೀಲು ಇರುತ್ತೆ, ಭಾರ ಬಿದ್ರೆ ಮೊದಲು ಸೋಲೋದು ಆ ಕೀಲು. ಮಡಚದೇ ಇರೋದರಲ್ಲಿ ಕೀಲಿಲ್ಲ, ಅದಕ್ಕೇ ಬಯಲ ಕೆಲಸಕ್ಕೆ ಅದು ವಾಸಿ. ಆದರೆ ಒಂದು ಷರತ್ತಿದೆ. ಅಲಗಿನ ಕಬ್ಬಿಣ ಹಿಡಿಯೊಳಗೆ ಸರಿಯಾಗಿ ಹೋಗಿರಬೇಕು.

ಈ ಒಳಗಿನ ಭಾಗಕ್ಕೆ 'ಟ್ಯಾಂಗ್' ಅಂತಾರೆ. ಅಲಗಿನಷ್ಟೇ ಅಗಲದ ಪಟ್ಟಿ ಹಿಡಿಯ ತುದಿವರೆಗೂ ಹೋಗಿ, ಎರಡೂ ಕಡೆ ಮರ ಅಥವಾ ಪ್ಲಾಸ್ಟಿಕ್ ಕೂರಿಸಿ ರಿವೆಟ್ ಹೊಡೆದಿದ್ರೆ ಅದು 'ಫುಲ್ ಟ್ಯಾಂಗ್'. ಹಿಡಿಯ ಸುತ್ತಲೂ ಕಬ್ಬಿಣದ ಗೆರೆ ಕಣ್ಣಿಗೆ ಕಾಣುತ್ತೆ. ನನ್ನ ಗೆಳೆಯನ ಚಾಕು ಬಿಚ್ಚಿ ನೋಡಿದಾಗ ಒಳಗೆ ಇದ್ದಿದ್ದು ಬೆರಳುದ್ದದ ಒಂದು ಕಡ್ಡಿ, ಅದರ ಸುತ್ತ ಅಂಟು. ಹಿಡಿ ಪೂರ್ತಿ ಟೊಳ್ಳು.

ಈ ಟೊಳ್ಳು ಹಿಡಿ ಶೋಕಿ ಎಲ್ಲಿಂದ ಬಂತು ಗೊತ್ತಾ? 1982ರಲ್ಲಿ 'ಫಸ್ಟ್ ಬ್ಲಡ್' ಅಂತ ಸಿನಿಮಾ ಬಂತು, ರ‍್ಯಾಂಬೋ ಸರಣಿಯ ಮೊದಲನೇದು. ಅದರ ಹೀರೋ ಕೈಲಿದ್ದ ಚಾಕುವನ್ನ ಅಮೆರಿಕದ ಜಿಮ್ಮಿ ಲೈಲ್ ಅನ್ನೋ ಕುಶಲಕರ್ಮಿ ಮಾಡಿದ್ದ. ಬೆನ್ನಿಗೆ ಹಲ್ಲು, ಟೊಳ್ಳು ಹಿಡಿಯೊಳಗೆ ಸೂಜಿ ದಾರ ಬೆಂಕಿಕಡ್ಡಿ. ಆಮೇಲೆ ಲೋಕದ ತುಂಬಾ ಅದರ ಅಗ್ಗದ ನಕಲು ತುಂಬ್ಕೊಂಡ್ವು. ನುರಿತ ಕೈ ಮಾಡಿದ್ದಾದ್ರೆ ಟೊಳ್ಳು ಹಿಡಿಯೂ ಗಟ್ಟಿ ಇರಬಹುದು. ಅಗ್ಗದ ನಕಲಿಗೆ ಆ ಕೈ ಸಿಕ್ಕಿರಲ್ಲ.

ಹಾಗಂತ 'ಫುಲ್ ಟ್ಯಾಂಗ್' ಅಂತ ಬರೆದಿದ್ದೆಲ್ಲಾ ಚಿನ್ನ ಅಲ್ಲ. ಸ್ವೀಡನ್ನಿನ ಮೋರಾ ಊರಿನ ಹೆಸರಲ್ಲಿ ಬರೋ ಚಾಕುಗಳನ್ನ ನೋಡಿ. ಅದರಲ್ಲಿ ಸುಮಾರು ಮಾದರಿಗಳ ಪಟ್ಟಿ ಹಿಡಿಯ ತುದಿವರೆಗೆ ಹೋಗಲ್ಲ. ಆದರೂ ಬಡಗಿಗಳು, ಮೀನುಗಾರರು, ಕಾಡು ಸುತ್ತೋರು ಅದನ್ನ ನಂಬ್ತಾರೆ. ಯಾಕಂದ್ರೆ ಒಳಗೆ ಹೋಗಿರೋ ಭಾಗ ಅಗಲವಾಗಿದೆ, ಹಿಡಿ ಅದಕ್ಕೆ ಬಿಗಿಯಾಗಿ ಕೂತಿದೆ, ಮತ್ತೆ ಅದನ್ನ ಕತ್ತರಿಸೋಕೆ ಮಾತ್ರ ಬಳಸ್ತಾರೆ, ಕಲ್ಲಲ್ಲಿ ಹೊಡೆಯಲ್ಲ. ಒಳಗಡೆ ಕಾಣದಿದ್ರೆ, ಹೇಳೋರಿಗೂ ಗೊತ್ತಿಲ್ಲದಿದ್ರೆ, ಕೊಳ್ಳಬೇಡಿ.

ಕುಲುಮೆ ಮುಂದೆ ಕಲಿತಿದ್ದು

ಗೆಳೆಯನ ಕೈ ಮಾಗಿದ್ಮೇಲೆ ಆ ಮುರುಕು ಚಾಕು ತಗೊಂಡು ನಮ್ಮ ತಾಲೂಕಿನ ಒಬ್ಬ ಕಂಬಾರ ತಾತನ ಹತ್ರ ಹೋದೆ. ಅವರು ಅದನ್ನ ತಿರುಗಿಸಿ ನೋಡಿ, ಅರ ತಗೊಂಡು ಬಾಯಿ ಮೇಲೆ ಒಂದು ಸಲ ಎಳೆದ್ರು. ಅರ ಕಚ್ಕೊಂಡು ಪುಡಿ ಉದುರ್ತು.

"ಇದಕ್ಕ ಹದಾನೇ ಇಲ್ಲಪ ತಮ್ಮಾ. ಇದು ತಗಡು. ಬಣ್ಣ ಬಳದಾರ ಅಷ್ಟೇ."

"ತಾತ, ಸ್ಟೇನ್‌ಲೆಸ್ ಸ್ಟೀಲ್ ಅಂತ ಬರ್ದಿದ್ರಲ್ಲ."

"ಬರಿಯಾಕ ಏನ್ ರೊಕ್ಕ ಕೊಡಬೇಕಾ?"

ಅವರು ಹೇಳಿದ್ದನ್ನ ಮನೆಗೆ ಬಂದು ಓದಿ ತಾಳೆ ನೋಡಿದೆ. ಕಬ್ಬಿಣಕ್ಕೆ ಗಟ್ಟಿತನ ಬರೋದು ಮುಖ್ಯವಾಗಿ ಇಂಗಾಲದಿಂದ. ಇಂಗಾಲ ಶೇಕಡಾ 0.25ಕ್ಕಿಂತ ಕಡಿಮೆ ಇರೋ ಕಬ್ಬಿಣವನ್ನ, ಅಂದ್ರೆ ಗೇಟು ಕಿಟಕಿಗೆ ಬಳಸೋದನ್ನ, ಎಷ್ಟು ಕಾಯಿಸಿ ನೀರಿಗೆ ಅದ್ದಿದ್ರೂ ಚಾಕುವಿಗೆ ಬೇಕಾದ ಹದ ಬರಲ್ಲ. ಒಳ್ಳೆ ಅಲಗಿಗೆ ಶೇಕಡಾ ಅರ್ಧದಿಂದ ಒಂದರವರೆಗೆ ಇಂಗಾಲ ಬೇಕು. ಆನ್‌ಲೈನ್‌ನಲ್ಲಿ '1095' ಅಂತ ಕಂಡ್ರೆ, ಕೊನೆಯ ಎರಡು ಅಂಕಿ ಇಂಗಾಲದ ಲೆಕ್ಕ, ಅಂದ್ರೆ ಸುಮಾರು ಶೇಕಡಾ 0.95. '1075' ಅಂದ್ರೆ 0.75. ನಮ್ಮ ಕಂಬಾರರು ಬಳಸೋ ಹಳೇ ಲಾರಿಯ ಕಮಾನ್ ಪಟ್ಟಿಯಲ್ಲಿ ಸಾಮಾನ್ಯವಾಗಿ 0.5ರಿಂದ 0.6 ಇರುತ್ತೆ. ಲಾರಿ ಭಾರಕ್ಕೆ ಬಾಗಿ ಮತ್ತೆ ನೆಟ್ಟಗಾಗೋ ಕಬ್ಬಿಣ ಅದು, ಏಟಿಗೆ ಬೇಗ ಮುರಿಯಲ್ಲ.

ಸ್ಟೇನ್‌ಲೆಸ್ ಅಂದ್ರೆ ಕನಿಷ್ಠ ಶೇಕಡಾ 10.5 ಕ್ರೋಮಿಯಂ ಇರೋ ಉಕ್ಕು. ತುಕ್ಕು ಕಡಿಮೆ ಹಿಡಿಯುತ್ತೆ ಅನ್ನೋದು ನಿಜ. ಆದರೆ ನಾವು ಉಣ್ಣೋ ತಟ್ಟೆಯೂ ಸ್ಟೇನ್‌ಲೆಸ್ಸೇ. ತಟ್ಟೆಯ ಉಕ್ಕಿಗೆ ಬಾಯಿ ನಿಲ್ಲಲ್ಲ. ಅದಕ್ಕೇ ಬರೀ 'ಸ್ಟೇನ್‌ಲೆಸ್' ಅಂತ ಇದ್ರೆ ಏನೂ ಹೇಳಿದ ಹಾಗಲ್ಲ. ಯಾವ ಉಕ್ಕು, ಗಡಸುತನ ಎಷ್ಟು ಅಂತ ಇರಬೇಕು. ಗಡಸುತನವನ್ನ ರಾಕ್‌ವೆಲ್ ಅಳತೆಯಲ್ಲಿ ಹೇಳ್ತಾರೆ. ಬಯಲ ಚಾಕುವಿಗೆ 56ರಿಂದ 59 ಇದ್ರೆ ಹಿಡಿಸುತ್ತೆ.

ತಾತ ನನ್ನ ಮುಂದೇನೇ ಒಂದು ಪಟ್ಟಿ ಕಾಯಿಸಿದ್ರು. ಕಿತ್ತಳೆ ಕೆಂಪಿಗೆ ಬಂದಾಗ ಅಯಸ್ಕಾಂತ ಹತ್ತಿರ ಹಿಡಿದ್ರು, ಅಂಟಲಿಲ್ಲ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟಲ್ಲ. ಇನ್ನೂ ಸ್ವಲ್ಪ ಕಾಯಿಸಿ ಎಣ್ಣೆಗೆ ಅದ್ದಿದ್ರು. ಈಗ ಅದು ಗಟ್ಟಿ, ಆದರೆ ಗಾಜಿನ ಹಾಗೆ. ಕೆಳಗೆ ಬಿದ್ರೆ ಒಡೀಬಹುದು. ಆಮೇಲೆ ಮೇಲ್ಮೈ ಉಜ್ಜಿ ಹೊಳಪು ಮಾಡಿ, ಮತ್ತೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದ್ರು. ಒಣಹುಲ್ಲಿನ ಬಣ್ಣ ಓಡಿ ಬಂದಾಗ ತೆಗೆದ್ರು. ಆ ಬಣ್ಣ ಸುಮಾರು 220, 230 ಡಿಗ್ರಿಯ ಗುರುತು. ನೀಲಿಗೆ ಹೋದ್ರೆ ಸುಮಾರು 300 ಆಯ್ತು ಅಂತ, ಆಗ ಬಾಯಿ ಮೆತ್ತಗಾಗುತ್ತೆ.

"ಹದ ಹೆಚ್ಚಾದ್ರ ಒಡೀತೈತೆ, ಕಮ್ಮಿ ಆದ್ರ ಬಾಗ್ತೈತೆ. ನಡುವ ನಿಲ್ಲಿಸೋದ ಕೆಲ್ಸ" ಅಂದ್ರು.

ಅವರ ಹತ್ರ ಮಾಡಿಸಿದ ಚಾಕುವಿಗೆ ನಾನು ಕೊಟ್ಟಿದ್ದು 450 ರೂಪಾಯಿ. ತುಕ್ಕು ಹಿಡಿಯುತ್ತೆ, ಒಪ್ತೀನಿ. ಒರೆಸಿ ಒಂದು ಹನಿ ಎಣ್ಣೆ ಸವರಿದ್ರೆ ಆಯ್ತು. ಎಲ್ಲಾ ಕಂಬಾರರೂ ಇಷ್ಟು ಕಾಳಜಿಯಿಂದ ಹದ ಹಾಕ್ತಾರೆ ಅಂತಾನೂ ನಾನು ಹೇಳಲ್ಲ. ಆದರೆ ಇಲ್ಲಿ ನೀವು ಕೇಳಬಹುದು, ಅರ ಎಳೆದು ನೋಡಬಹುದು, ಸರಿಯಿಲ್ಲದಿದ್ರೆ ವಾಪಸ್ ಹೋಗಿ ಜಗಳ ಆಡಬಹುದು.

ಕೈಲಿ ಹಿಡಿದು ನೋಡೋದು ಹೇಗೆ

ಜಾತ್ರೆ ಅಂಗಡಿಯಲ್ಲಿ ಕೊಳ್ಳಿ, ಕುಲುಮೆಯಲ್ಲಿ ಮಾಡಿಸಿ, ಪಾರ್ಸಲ್ ತರಿಸಿ. ಈ ಆರು ನೋಡಿ.

ಒಂದು, ಉದ್ದ. ಅಲಗು 4ರಿಂದ 5 ಇಂಚು ಸಾಕು. ಹಗ್ಗ, ಹಣ್ಣು, ತರಕಾರಿ, ಬಟ್ಟೆ ಪಟ್ಟಿ, ಸಣ್ಣ ಕಡ್ಡಿ, ಬಯಲಲ್ಲಿ ಚಾಕುವಿನ ಕೆಲಸ ಅಂದ್ರೆ ಇಷ್ಟೇ. ಜಾಲಿ ಕಡಿಯೋದಿದ್ರೆ ಅದಕ್ಕೆ ಕೊಡ್ಲಿ ಇದೆ, ಮಚ್ಚು ಇದೆ. ನಮ್ಮ ಕುರಿಗಾಹಿಗಳನ್ನ ನೋಡಿ, ಎತ್ತರದ ಸೊಪ್ಪಿಗೆ ಉದ್ದ ಕೋಲಿನ ದೋಟಿ, ಕಟ್ಟಿಗೆಗೆ ಕೊಡ್ಲಿ. ಒಂದೇ ಅಲಗಿಂದ ಎಲ್ಲಾ ಕೆಲಸ ಮಾಡೋಕೆ ಯಾರೂ ಹೋಗಲ್ಲ.

ಎರಡು, ದಪ್ಪ. ಅಲಗಿನ ಬೆನ್ನು 3ರಿಂದ 4 ಮಿಲಿಮೀಟರ್ ಇರಲಿ. ಅಳತೆಪಟ್ಟಿ ಇಲ್ವಾ? ಹತ್ತು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಡಿ, ಹೆಚ್ಚುಕಮ್ಮಿ ಮೂರೂವರೆ ಮಿಲಿಮೀಟರ್. ಅದಕ್ಕಿಂತ ತುಂಬಾ ದಪ್ಪ ಇದ್ರೆ ಅದು ಸೀಳುತ್ತೆ, ಕತ್ತರಿಸಲ್ಲ. ಈರುಳ್ಳಿ ಹೆಚ್ಚೋಕೆ ಹೋದ್ರೆ ಒಡೆದು ಹೋಳಾಗುತ್ತೆ.

ಮೂರು, ಬೆನ್ನಿನ ಗರಗಸ. ಅಗ್ಗದ ಚಾಕುಗಳ ಆ ಹಲ್ಲು ಮರ ಕೊಯ್ಯಲ್ಲ. ಬೆನ್ನಿನ ಮೇಲೆ ಹೆಬ್ಬೆರಳು ಇಟ್ಟು ಒತ್ತೋಕೂ ಬಿಡಲ್ಲ. ಬೆನ್ನು ಸಪಾಟಾಗಿರಲಿ.

ನಾಲ್ಕು, ಹಿಡಿತ. ಚಾಕುವನ್ನ ಒರೆಯೊಳಗೇ ಬಿಟ್ಟು, ಕೈಗೆ ಸೋಪು ನೀರು ಹಚ್ಕೊಂಡು ಹಿಡಿದು ತಿರುವಿ ನೋಡಿ. ಜಾರಿದ್ರೆ ಬೇಡ. ಬೆವರಿದ ಕೈ, ರಕ್ತ ಆದ ಕೈ, ಎರಡೂ ಸೋಪಿನ ಕೈ ಹಾಗೇನೇ. ಅಲಗು ಮತ್ತು ಹಿಡಿ ಸೇರೋ ಕಡೆ ಬೆರಳು ಮುಂದೆ ಜಾರದ ಹಾಗೆ ಒಂದು ಉಬ್ಬು ಇರಲೇಬೇಕು. ನನ್ನ ಗೆಳೆಯನ ಚಾಕುವಿನಲ್ಲಿ ಅದು ಇರಲಿಲ್ಲ.

ಐದು, ಒರೆ. ಚಾಕು ಹಾಕಿ ತಲೆಕೆಳಗೆ ಮಾಡಿ ಜೋರಾಗಿ ಅಲ್ಲಾಡಿಸಿ. ಬಿದ್ರೆ ಆ ಒರೆ ಬೇಡ. ಬೈಕಿನ ಮೇಲೆ, ಗುಡ್ಡದ ಮೇಲೆ ಜಾರಿ ಬಿದ್ದಾಗ ನಿಮ್ಮ ತೊಡೆ ಕಾಯೋದು ಅದೇ. ತೊಗಲಿನ ಒರೆ ಆದ್ರೆ ನೆನೆದ್ಮೇಲೆ ಚಾಕು ಹೊರಗೆ ತೆಗೆದು ಒಣಗಿಸಿ.

ಆರು, ಮಸೆಯೋಕೆ ಬರುತ್ತಾ? ನೀವೇ ಮನೆಯಲ್ಲಿ ಮಸೆಗಲ್ಲಿನ ಮೇಲೆ ಬಾಯಿ ತರೋಕೆ ಆಗದ ಚಾಕು ಎಷ್ಟು ದುಬಾರಿಯಾದ್ರೂ ದಂಡ. ಕಲ್ಲಿನ ಮೇಲೆ ಅಲಗನ್ನ ನೆಟ್ಟಗೆ ನಿಲ್ಲಿಸಿದ್ರೆ 90 ಡಿಗ್ರಿ, ಅದರ ಅರ್ಧಕ್ಕೆ ಬಾಗಿಸಿದ್ರೆ 45, ಮತ್ತೆ ಅದರ ಅರ್ಧ ಅಂದ್ರೆ 22. ಅಲ್ಲೇ ಸ್ವಲ್ಪ ಕೆಳಗೆ ಹಿಡಿದು, ಎರಡೂ ಕಡೆ ಸಮ ಸಲ ಎಳೀರಿ. ನ್ಯೂಸ್‌ಪೇಪರ್ ಹಾಳೆ ಎಳೆಯದೇ ಸೀಳಿದ್ರೆ ಬಾಯಿ ಬಂತು ಅಂತ ಅರ್ಥ. ಮೊಂಡು ಚಾಕುವೇ ಹೆಚ್ಚು ಅಪಾಯ, ಯಾಕಂದ್ರೆ ಜೋರು ಹಾಕ್ತೀರಿ, ಜೋರು ಹಾಕಿದಾಗಲೇ ಕೈ ಜಾರೋದು.

ಬಳಸೋವಾಗ

ಮೂರೇ ನಿಯಮ. ಬಾಯಿ ಯಾವಾಗಲೂ ಮೈಯಿಂದ ಆಚೆ ಹೋಗಲಿ. ಕೂತು ಕಡ್ಡಿ ಕೆತ್ತೋವಾಗ ಎರಡು ತೊಡೆ ನಡುವೆ ಕೆತ್ತಬೇಡಿ, ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಇದೆ, ಅಲ್ಲಿ ಕುಯ್ದರೆ ಸಮಯವೇ ಇರಲ್ಲ. ಮತ್ತೆ, ಚಾಕುವಿನ ಬೆನ್ನಿಗೆ ಕಲ್ಲಲ್ಲಿ, ಸುತ್ತಿಗೆಯಲ್ಲಿ ಹೊಡೀಬೇಡಿ.

ಅಕಸ್ಮಾತ್ ಕೈ ಕುಯ್ದರೆ ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡೀರಿ, ಕೈ ಎದೆಗಿಂತ ಮೇಲಿರಲಿ. ಅರಿಶಿನ, ಕಾಫಿ ಪುಡಿ, ಟೂತ್‌ಪೇಸ್ಟ್ ಏನೂ ಬೇಡ. ಟಿಟಿ ಇಂಜೆಕ್ಷನ್ ಬಗ್ಗೆ ಆಸ್ಪತ್ರೆಯಲ್ಲಿ ಕೇಳಿ. ಬೆರಳು ಮಡಚೋಕೆ ಆಗ್ತಿಲ್ಲ, ಅಥವಾ ಜೋಮು ಹಿಡಿದಿದೆ ಅಂದ್ರೆ ಒಳಗೆ ಟೆಂಡನ್ ಅಥವಾ ನರ ಕುಯ್ದಿರಬಹುದು. ಮೇಲೆ ಹೊಲಿಗೆ ಹಾಕಿಸಿ ಮನೆಗೆ ಬರೋದಲ್ಲ, ಅದನ್ನ ಜೋಡಿಸೋ ಡಾಕ್ಟರ್ ಇರೋ ಕಡೆ ಅವತ್ತೇ ಹೋಗಿ. ನಾವು "ಬೆಳಿಗ್ಗೆ ನೋಡೋಣ" ಅಂತ ಒಂದು ರಾತ್ರಿ ಕಳೆದ್ವಿ. ಕಳೀಬಾರದಾಗಿತ್ತು.

ಇನ್ನೊಂದು. ಹಾವು ಕಚ್ಚಿದ ಜಾಗ ಚಾಕುವಿನಿಂದ ಕುಯ್ದು ರಕ್ತ ಹೀರೋದು ಸಿನಿಮಾದಲ್ಲಿ ಮಾತ್ರ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಯಾವುದೇ ಆಗಲಿ, ಕುಯ್ಯೋದರಿಂದ ವಿಷ ಹೊರಗೆ ಬರಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಮಂಡಲದ ವಿಷಕ್ಕೆ ಕುಯ್ದ ಗಾಯ ಇನ್ನೂ ಕೇಡು. ಬಿಗಿಯಾಗಿ ಹಗ್ಗ ಕಟ್ಟೋದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಇಟ್ಟು, 108ಕ್ಕೆ ಫೋನ್ ಮಾಡಿ, ವಿಷಕ್ಕೆ ಔಷಧಿ ಇರೋ ಆಸ್ಪತ್ರೆಗೆ ಹೋಗಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರಕರಣಗಳನ್ನ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ವಿಷಯ ಅಷ್ಟು ಗಂಭೀರ.

ಕಾನೂನು ಏನು ಹೇಳುತ್ತೆ

ಆಯುಧ ಕಾಯ್ದೆ ಬಂದಿದ್ದು 1959ರಲ್ಲಿ, ಈಗಿನ ನಿಯಮಗಳು 2016ರವು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರೋ ಚಾಕುಗಳು ಆಯುಧಗಳ ಪಟ್ಟಿಯಲ್ಲಿ ಬರ್ತವೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆ ಕೆಲಸಕ್ಕೆಂದೇ ಮಾಡಿದ್ದಕ್ಕೆ ವಿನಾಯಿತಿ ಇದೆ. ಅದಕ್ಕೇ ಹೊಲಕ್ಕೆ ಹೋಗೋ ಕುಡುಗೋಲನ್ನ ಯಾರೂ ಹಿಡಿಯಲ್ಲ. 4 ಇಂಚಿನ ಚಾಕು ಈ ಅಳತೆಯೊಳಗೇ ಇದೆ. ಹಾಗಂತ ಮೈಲಾರದ ಜಾತ್ರೆಗೆ, ಕೊಟ್ಟೂರೇಶ್ವರನ ತೇರಿಗೆ ಸೊಂಟಕ್ಕೆ ಸಿಕ್ಕಿಸ್ಕೊಂಡು ಹೋಗಿ ರೀಲ್ಸ್ ಮಾಡಿದ್ರೆ ಪೊಲೀಸರು ಕೇಳೇ ಕೇಳ್ತಾರೆ, ಕೇಳಬೇಕು ಕೂಡ. ಚಾಕು ಬ್ಯಾಗಿನ ತಳದಲ್ಲಿ, ಒರೆಯಲ್ಲಿ ಇರಲಿ.

ಇದು ನಮ್ಮ ಕೂಡ್ಲಿಗಿಯೋರು ಗಮನ ಕೊಟ್ಟು ಕೇಳಿ. ಗುಡೇಕೋಟೆ ಕರಡಿಧಾಮ 2013ರಲ್ಲಿ ಘೋಷಣೆ ಆಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯೋ ಹಾಗಿಲ್ಲ. ಆ ಕಾಯ್ದೆಯಲ್ಲಿ 'ಆಯುಧ' ಅನ್ನೋ ಪದದ ವಿವರಣೆಯಲ್ಲಿ ಚಾಕು ಅಂತಾನೇ ಬರೆದಿದೆ. ಅಲ್ಲಿ ಇಂಚಿನ ಲೆಕ್ಕ ಇಲ್ಲ. ಒಳಗೆ ಹೋಗೋಕೇ ಅನುಮತಿ ಬೇಕು, ಚಾಕು ಇದ್ರಂತೂ ಕೇಸ್ ಆಗಬಹುದು. ಕರಡಿ ಬಂದ್ರೆ ಅಂತ ಕೇಳ್ತೀರಾ? ಚಾಕು ಬಳಸೋಷ್ಟು ಹತ್ತಿರ ಕರಡಿ ಬಂದಾಗ ಚಾಕು ಏನೂ ಮಾಡಲ್ಲ. ಮಬ್ಬುಗತ್ತಲಲ್ಲಿ ಒಬ್ಬರೇ ಹೋಗಬೇಡಿ, ಮಾತಾಡ್ತಾ ನಡೀರಿ, ಟಾರ್ಚ್ ಇರಲಿ, ಹುತ್ತ ಮತ್ತು ಬಂಡೆ ಸಂದಿಗಳಿಂದ ದೂರ ಇರಿ. ಜೀವ ಉಳಿಸೋದು ಇವು.

ಕೊನೆಗೆ ಒಂದು ಲೆಕ್ಕ

ನಮ್ಮ ಐದು ತಾಲೂಕಿನಲ್ಲಿ ಬಯಲಿಗೆ ಹೋದೋರಿಗೆ ನಿಜವಾಗಿ ತೊಂದರೆ ಕೊಡೋದು ಏನು? ಬಿಸಿಲು, ನೀರಿಲ್ಲದಿರೋದು, ಮುಳ್ಳು, ಕತ್ತಲು, ಚಾರ್ಜ್ ಹೋದ ಫೋನು. ಹಾಗಾಗಿ ಬ್ಯಾಗಿನಲ್ಲಿ ಮೊದಲು ನೀರು, ಆಮೇಲೆ ಟಾರ್ಚ್, ಆಮೇಲೆ ಗಾಯಕ್ಕೆ ಬಟ್ಟೆ ಮತ್ತು ಬ್ಯಾಂಡೇಜು, ಮನೆಯಲ್ಲಿ ಎಲ್ಲಿಗೆ ಹೋಗ್ತಿದ್ದೀವಿ ಅಂತ ಹೇಳಿದ ಮಾತು, ಇವೆಲ್ಲಾ ಆದ್ಮೇಲೆ ಚಾಕು. ದುಡ್ಡು ಕಡಿಮೆ ಇದ್ರೆ ಚಾಕುವನ್ನೇ ಬಿಡಿ, ಟಾರ್ಚ್ ಬಿಡಬೇಡಿ.

549 ರೂಪಾಯಿಯ ಚಾಕು ಬಾಳಿದ್ದು ಒಂದು ದಿನ. ಆಸ್ಪತ್ರೆ, ಓಡಾಟ, ಗೆಳೆಯ ಕೆಲಸಕ್ಕೆ ಹೋಗದ ದಿನಗಳು ಸೇರಿಸಿದ್ರೆ ಅದರ ಬೆಲೆ ಎಷ್ಟಾಯ್ತು ಅಂತ ಒಂದು ಹಾಳೆಯಲ್ಲಿ ಬರೆಯೋಕೆ ಕೂತೆ. ಅರ್ಧಕ್ಕೆ ನಿಲ್ಲಿಸಿದೆ. ಕಿರುಬೆರಳಿನ ಸಾಲಿಗೆ ಯಾವ ಮೊತ್ತ ಬರೀಬೇಕು ಅಂತ ತಿಳೀಲಿಲ್ಲ.

ಈ ಸಂಚಿಕೆಯನ್ನ ಮೊದಲು ಕೇಳಿಸಿದ್ದು ಅವನಿಗೇ. ಕೇಳಿ ಮುಗಿಸಿ, "ಅಂಟಿನ ವಿಷಯ ಇನ್ನೂ ಜೋರಾಗಿ ಹೇಳಬೇಕಿತ್ತಲೇ" ಅಂದ. ಅದಕ್ಕೆ ಇನ್ನೊಂದು ಸಲ ಹೇಳ್ತೀನಿ: ಹಿಡಿಯ ಒಳಗೇನಿದೆ ಅಂತ ನೋಡದೆ ಚಾಕು ಕೊಳ್ಳಬೇಡಿ. ನಾನು ಹೇಳಿದ್ರೂ ಕೊಳ್ಳಬೇಡಿ.

ಮತ್ತೆ ಸಿಗೋಣ. ಹುಷಾರಾಗಿರಿ.